ಎಣಿಕೆ ಸಿಸ್ಟರ್

ನಮ್ಮ ಆಸ್ಪತ್ರೆಯ ಎದೆರೋಗದ ವಾರ್ಡಿನಲ್ಲಿ ಒಬ್ಬ ಸಿಸ್ಟರ್ ಇದ್ದರು. ರೋಗಿಗಳು ಅವರನ್ನು ಎಣಿಕೆ ಸಿಸ್ಟರ್ ಎಂದೇ ಕರೆಯುತ್ತಿದ್ದರು. ನೋವಿಗೆ ಮಾರ್ಫಿನ್‌ನಂಥ ದೊಡ್ಡ ಔಷಧಿ ಕೊಡಬೇಕಾದಾಗ, ರೋಗಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸದೆ ಅವರು ಸೂಜಿ ಎತ್ತುತ್ತಿರಲಿಲ್ಲ. ಅವಸರದಲ್ಲಿರುವ ನಮ್ಮಂಥವರು ಕಾಲು ನಿಮಿಷ ನೋಡಿ ನಾಲ್ಕರಿಂದ ಗುಣಿಸಿ ಕೈತೊಳೆದುಕೊಳ್ಳುತ್ತೇವೆ. ಅವರಿಗೆ ಆ ಲೆಕ್ಕ ಒಗ್ಗುತ್ತಿರಲಿಲ್ಲ.

ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ರೋಗಿ ಬೇರೆ ಥರ ಉಸಿರಾಡುತ್ತಾನೆ, ಫೋಟೋ ತೆಗೆಯುವಾಗ ಸೆಟೆದು ನಿಲ್ಲುವವರ ಹಾಗೆ. ಅದಕ್ಕೇ ಅವರು ಮಣಿಕಟ್ಟು ಹಿಡಿದು ನಾಡಿ ನೋಡುವವರಂತೆ ನಿಲ್ಲುತ್ತಿದ್ದರು. ಕಣ್ಣು ಮಾತ್ರ ಎದೆಯ ಮೇಲೆ. ಹಳೆಯ ರೋಗಿಗಳಿಗೆ ಇದು ಗೊತ್ತಾಗಿಹೋಗಿತ್ತು. "ಏನ್ ಸಿಸ್ಟರ್, ಉಸಿರಿಗೂ ಟ್ಯಾಕ್ಸ್ ಹಾಕೋಕೆ ಲೆಕ್ಕ ತಗೋತಿದೀರಾ?" ಎಂದು ಒಬ್ಬ ಮುದುಕ ಕೇಳಿದ್ದ. "ಹೌದು, ಮಾತಾಡಿದ್ರೆ ಡಬಲ್" ಎಂದು ಇವರು ಮುಖದಲ್ಲಿ ಒಂದು ಗೆರೆಯನ್ನೂ ಅಲುಗಿಸದೆ ಹೇಳಿದ್ದರು.

ನಾನು ಅದೇ ವಾರ್ಡಿನಲ್ಲಿ ಉಸಿರಾಟದ ವ್ಯಾಯಾಮ ಮಾಡಿಸುವವಳು. ಕಫ ಕಟ್ಟಿದವರ ಬೆನ್ನು ತಟ್ಟುವುದು, ಕೆಮ್ಮಿಸುವುದು, ಆಳವಾಗಿ ಉಸಿರೆಳೆಯುವುದನ್ನು ಕಲಿಸುವುದು ನನ್ನ ಕೆಲಸ. ನನ್ನ ಅರ್ಧ ಕೆಲಸ ಅವರ ಕೈಯಲ್ಲಿತ್ತು. ಅವರು ಮೊದಲು ಶ್ವಾಸನಾಳ ತೆರೆಯುವ ಔಷಧಿ ಕೊಟ್ಟು, ನೋವು ತಗ್ಗಿಸಿ ಇಟ್ಟರೆ ಮಾತ್ರ ನನ್ನ ಕೈಗೆ ರೋಗಿ ದಕ್ಕುತ್ತಿದ್ದ.

ಹೊಸದಾಗಿ ಬಂದ ಸಿಸ್ಟರ್‌ಗಳಿಗೆ ಪಾಠ ಹೇಳುವುದೂ ಅವರದೇ ಪಾಲು. "ಅಸ್ತಮಾದವರು ಬಾಯಿಗಿಟ್ಟು ಎಳೆಯೋ ಪಂಪಿನಲ್ಲಿ ಎರಡು ಜಾತಿ ಇವೆ. ಒಂದು ಬೆಂಕಿ ಆರಿಸೋದು, ಇನ್ನೊಂದು ಬೆಂಕಿ ಹತ್ತದ ಹಾಗೆ ನೋಡ್ಕೊಳ್ಳೋದು. ಆರಿಸೋದನ್ನ ಮೊದಲು ಎಳೆಸಿ. ಕೈ ನಡುಗುತ್ತೆ, ಎದೆ ಹೊಡ್ಕೊಳ್ಳುತ್ತೆ, ಅದು ಔಷಧಿ ಕೆಲಸ ಮಾಡ್ತಿರೋ ಗುರುತು, ಹೆದರಬೇಡಿ ಅಂತ ಮೊದಲೇ ಹೇಳಿಬಿಡಿ. ಆಮೇಲೆ ಇನ್ನೊಂದು. ಅದಾದ್ಮೇಲೆ ಬಾಯಿ ಮುಕ್ಕಳಿಸದೆ ಬಿಡಬೇಡಿ, ನಾಲಿಗೆ ಮೇಲೆ ಬಿಳಿ ಬೂಷ್ಟು ಬೆಳೆಯುತ್ತೆ." ನೋವಿನ ಔಷಧಿಗೆ ಬಂದಾಗ ಮಾತ್ರ ದನಿ ತಗ್ಗುತ್ತಿತ್ತು. "ಇದು ನೋವನ್ನ ಮರೆಸುತ್ತೆ. ಅಳತೆ ತಪ್ಪಿದರೆ ಉಸಿರಾಡೋದನ್ನೂ ಮರೆಸುತ್ತೆ. ಕೊಟ್ಟು ಬೆನ್ನು ತಿರುಗಿಸಬೇಡಿ. ಅಲ್ಲೇ ಇರಿ."

ಆ "ಅಲ್ಲೇ ಇರಿ" ಎನ್ನುವಾಗ ಅವರ ಮುಖ ಬೇರೆಯೇ ಆಗುತ್ತಿತ್ತು. ಯಾಕೆಂದು ನನಗೆ ಗೊತ್ತಾಗಲು ಬಹಳ ಕಾಲ ಹಿಡಿಯಿತು.

ಅವರು ಇದ್ದದ್ದು ಒಂದು ದರ್ಜಿ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ. ಮದುವೆ ಆಗಿರಲಿಲ್ಲ. ಒಮ್ಮೆ ಜ್ವರವೆಂದು ರಜೆ ಹಾಕಿದಾಗ ನೋಡಲು ಹೋಗಿದ್ದೆ. ಕೋಣೆ ಒಗೆದಿಟ್ಟ ಹಾಗಿತ್ತು. ಒಂದು ಮಂಚ, ಒಂದು ಕುರ್ಚಿ, ಒಲೆಯ ಪಕ್ಕ ಮಗುಚಿಟ್ಟ ಒಂದೇ ತಟ್ಟೆ, ಒಂದೇ ಲೋಟ. ನನಗೆ ಕಾಫಿ ಕೊಡಲು ಅವರು ಕೆಳಗಿನ ದರ್ಜಿಯ ಮನೆಯಿಂದ ಲೋಟ ತರಬೇಕಾಯಿತು. "ಯಾರೂ ಬರಲ್ಲ ನೋಡು, ಅದಕ್ಕೇ ತಗೊಂಡಿಲ್ಲ" ಎಂದರು, ಉಪ್ಪು ಮುಗಿದಿದೆ ಎಂದು ಹೇಳುವಷ್ಟೇ ಸಲೀಸಾಗಿ. ಬೀದಿಯವರೆಲ್ಲ ಬಿಪಿ ನೋಡಿಸಿಕೊಳ್ಳಲು, ಮಗುವಿನ ಕೆಮ್ಮಿಗೆ ಏನು ಕೊಡಲಿ ಎಂದು ಕೇಳಲು ಮೆಟ್ಟಿಲು ಹತ್ತುತ್ತಿದ್ದರು. ಹೊಸ್ತಿಲಲ್ಲೇ ಕೇಳಿ ಹೊಸ್ತಿಲಲ್ಲೇ ಇಳಿಯುತ್ತಿದ್ದರು. ಊರಿಗೆಲ್ಲ ಅಕ್ಕ, ಮನೆಯಲ್ಲಿ ಅಕ್ಕ ಎನ್ನುವವರಿಲ್ಲ.

ಅಕ್ಕ ಎನ್ನಬೇಕಾದವನು ಒಬ್ಬನಿದ್ದ. ಅದೇ ಊರಿನಲ್ಲೇ ಇದ್ದ. ಅಂಗಡಿಗಳಿಗೆ ಬೋರ್ಡು ಬರೆದು ತಾನೇ ಏಣಿ ಹತ್ತಿ ಕಟ್ಟುವವನು, ಅವರ ತಮ್ಮ. ಜೊತೆಯಲ್ಲಿ ನಡೆದು ಹೋಗುವಾಗ ಅವರು ಯಾವುದೋ ಬೇಕರಿಯ ಮುಂದೆ, ಚಪ್ಪಲಿ ಅಂಗಡಿಯ ಮುಂದೆ ನಿಂತು ಮೇಲೆ ನೋಡುವುದನ್ನು ಕಂಡಿದ್ದೆ. ಏನಾದರೂ ಕೊಳ್ಳಬೇಕೇನೋ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅವರು ನೋಡುತ್ತಿದ್ದದ್ದು ತಮ್ಮನ ಅಕ್ಷರ. "ದೀರ್ಘ ಎಳೆಯೋದು ನೋಡು, ಬಾಲ ಸುತ್ತಿಕೊಂಡು ಮಲಗಿದ ಬೆಕ್ಕಿನ ಹಾಗೆ. ಸ್ಲೇಟಿನ ಮೇಲೂ ಹಾಗೇ ಎಳೀತಿದ್ದ."

ಅವನು ಮಾತು ಬಿಟ್ಟು ವರ್ಷಗಳಾಗಿದ್ದವು. ಅದಕ್ಕೆ ಕಾರಣ ಅವರ ಅಮ್ಮ.

ಅಮ್ಮ ಹರೆಯದಿಂದ ಹತ್ತಿ ಗಿರಣಿಯಲ್ಲಿ ದುಡಿದವರು. ಧೂಳು ಶ್ವಾಸಕೋಶದಲ್ಲಿ ಮನೆ ಮಾಡಿತ್ತು. ಕೊನೆಗೆ ಯಾವ ಪಂಪಿಗೂ, ಯಾವ ಹಬೆಗೂ ಬಗ್ಗದ ಸ್ಥಿತಿ. ಮಲಗಿದರೆ ಉಸಿರು ಸಿಗದು, ಕೂತರೆ ನಿದ್ದೆ ಸಿಗದು. ದಿಂಬನ್ನು ಮಡಿಲಲ್ಲಿಟ್ಟುಕೊಂಡು ಅದರ ಮೇಲೆ ಬಾಗಿ, ಓಡಿ ಬಂದವರ ಹಾಗೆ ದಿನವಿಡೀ ಏದುಸಿರು. ಡಾಕ್ಟರು ಮನೆಗೆ ಬಂದು ನೋಡಿ, ಇನ್ನು ವಾಸಿ ಮಾಡುವ ಮಾತಿಲ್ಲ, ಸಂಕಟ ಕಡಿಮೆ ಮಾಡೋಣ ಎಂದು ಮಾರ್ಫಿನ್ ಸಿರಪ್ ಬರೆದುಕೊಟ್ಟರು. ನೋವಿಗೆ ಕೊಡುವುದಕ್ಕಿಂತ ಕಡಿಮೆ ಅಳತೆ. ಉಸಿರು ಸಾಲದು ಸಾಲದು ಎಂದು ಮಿದುಳು ಕೂಗಿಕೊಳ್ಳುವುದನ್ನು ಅದು ತಣ್ಣಗೆ ಮಾಡುತ್ತದೆ. ಕೊಡುವವರು ಮನೆಯಲ್ಲೇ ಇದ್ದರಲ್ಲ.

ಒಂದು ಮಧ್ಯಾಹ್ನ ಸಿಸ್ಟರ್ ಮೊದಲ ಚಮಚ ಕೊಟ್ಟರು. ಸ್ವಲ್ಪ ಹೊತ್ತಿಗೆ ಅಮ್ಮನ ಭುಜಗಳು ಇಳಿದವು. "ಅಬ್ಬ" ಎಂದರು. ಮಗಳ ತೋಳಿಗೆ ಒರಗಿಕೊಂಡು, ಕಿಟಕಿಯಾಚೆ ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನು ನೋಡುತ್ತಾ, "ಆ ಸೀರೆ ಬಣ್ಣ ಬಿಟ್ಟಿದೆ ನೋಡೇ, ಉಪ್ಪು ನೀರಲ್ಲಿ ನೆನೆಸಬೇಕಿತ್ತು" ಎಂದರು. ಎಷ್ಟೋ ವಾರಗಳ ನಂತರ ಅವರ ಬಾಯಿಂದ ಮುರಿಯದೆ ಬಂದ ಮೊದಲ ವಾಕ್ಯ ಅದು. ಆಮೇಲೆ ನಿದ್ದೆ ಹೋದರು.

ಕೆಲಸ ಮುಗಿಸಿ ತಮ್ಮ ಬಂದಾಗ ಅಮ್ಮ ಗಾಢ ನಿದ್ದೆಯಲ್ಲಿದ್ದರು. ಮರುದಿನ ನಡುನಡುವೆ ಕಣ್ಣು ತೆರೆದರಾದರೂ ಅವನೊಡನೆ ಮಾತಾಡಲಿಲ್ಲ. ಸಂಜೆಗೆ ಉಸಿರು ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತಿತು.

ಮಾತಾಡಿಸಲು ಬಂದ ನೆಂಟರಲ್ಲಿ ಯಾರೋ ಒಬ್ಬರು, "ಆ ಔಷಧಿ ಕೊಟ್ರೆ ಉಸಿರು ನಿಲ್ಲುತ್ತಂತಲ್ಲ?" ಎಂದು ತಮ್ಮನ ಕಿವಿಯಲ್ಲಿ ಹಾಕಿದರು. ಅವನು ಎಲ್ಲರೆದುರು ಅಕ್ಕನನ್ನು ನೋಡಿ ಕೇಳಿದ. "ಹೌದಾ?"

ಅಲ್ಲಿ ಅವರು ಎಡವಿದರು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ, ಅವನ ಹತ್ತಿರ ಹೋಗಿ ಭುಜ ಹಿಡಿಯಲೂ ಇಲ್ಲ. ಪಾಠ ಶುರುಮಾಡಿದರು. ಎಷ್ಟು ಅಳತೆ ಕೊಟ್ಟರೆ ಅಪಾಯ, ಎಷ್ಟು ಕೊಟ್ಟರೆ ಅಲ್ಲ, ಆ ಔಷಧಿ ಮಿದುಳಿನ ಯಾವ ಭಾಗಕ್ಕೆ ತಾಗುತ್ತದೆ, ಕಾಯಿಲೆಯಿಂದ ಉಸಿರು ನಿಲ್ಲುವುದಕ್ಕೂ ಔಷಧಿಯಿಂದ ನಿಲ್ಲುವುದಕ್ಕೂ ವ್ಯತ್ಯಾಸವೇನು, ಎಲ್ಲ ಹೇಳಿದರು. ಒಂದಕ್ಷರ ತಪ್ಪಿರಲಿಲ್ಲ. "ನನಗೆ ಬಾಯಿಗೆ ಬಂದಿದ್ದೇ ಅದು. ಅಳೋಕೆ ಬರಲಿಲ್ಲ, ಪಾಠ ಬಂತು" ಎಂದರು ನನಗೆ. ಕೊನೆಯವರೆಗೆ ಕೇಳಿಸಿಕೊಂಡ ತಮ್ಮ, "ಅಮ್ಮ ಸತ್ತಿದಾಳೆ, ನೀನು ಕ್ಲಾಸ್ ತಗೋತಿದೀಯ" ಎಂದು ಎದ್ದುಹೋದ. ಅಷ್ಟೇ. ಮನೆ ಬಿಟ್ಟುಕೊಟ್ಟು ಅವರು ದರ್ಜಿಯ ಮಹಡಿಗೆ ಬಂದರು.

ಇದನ್ನು ಅವರು ನನಗೆ ಹೇಳಿದ್ದು ವಾರ್ಡಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಊಟದ ಡಬ್ಬಿ ತೆರೆದಾಗ. "ಆ ಅಳತೆಗೆ ಯಾರೂ ಸಾಯಲ್ಲ. ನನಗೆ ಗೊತ್ತು. ಪುಸ್ತಕಕ್ಕೂ ಗೊತ್ತು, ಡಾಕ್ಟರಿಗೂ ಗೊತ್ತು. ಆದ್ರೆ ಏದುಸಿರು ಇಳಿದದ್ದನ್ನ, ಅಮ್ಮ ಅಬ್ಬ ಅಂದದ್ದನ್ನ ನೋಡಿದ್ದು ನಾನೊಬ್ಬಳೇ ಅಲ್ವಾ? ಅವನು ನೋಡಿದ್ದು ಬರೀ ನಿದ್ದೆ." ಡಬ್ಬಿಯನ್ನು ಹಾಗೇ ಮುಚ್ಚಿದರು.

ಆಮೇಲೊಂದು ದಿನ ತಮ್ಮ ನಮ್ಮ ವಾರ್ಡಿಗೇ ಬಂದ.

ಏಣಿಯಿಂದ ಬಿದ್ದು ಪಕ್ಕೆಲುಬು ಮುರಿದಿತ್ತು. ಬಿದ್ದವನು ಆಸ್ಪತ್ರೆಗೆ ಬಾರದೆ ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ನುಂಗಿದ್ದ. ಚಿಕ್ಕಂದಿನಿಂದ ಅಸ್ತಮಾ ಇದ್ದವನು. ಕೆಲವು ಜಾತಿಯ ನೋವಿನ ಮಾತ್ರೆಗಳು ಅಸ್ತಮಾದವರಲ್ಲಿ ಕೆಲವರಿಗೆ ಎದೆಯನ್ನೇ ಬಿಗಿಯುತ್ತವೆ. ಇವನಿಗೆ ಹಾಗೇ ಆಯಿತು. ಒಂದು ಕಡೆ ಮುರಿದ ಎಲುಬು, ಇನ್ನೊಂದು ಕಡೆ ಸಿಳ್ಳೆ ಹೊಡೆಯುವ ಶ್ವಾಸ. ಹೆಂಡತಿ ಆಟೋದಲ್ಲಿ ಹಾಕಿಕೊಂಡು ಬಂದಿದ್ದಳು.

ಸಿಸ್ಟರ್ ಪರದೆ ಸರಿಸಿ ಒಳಗೆ ಹೋದವರು ನಿಂತುಬಿಟ್ಟರು. ಹೆಂಡತಿ "ಅಕ್ಕಾ..." ಎಂದಳು. ಅವನು ಕಣ್ಣು ತೆರೆದು ನೋಡಿ, ಪದಕ್ಕೊಂದು ಉಸಿರೆಳೆಯುತ್ತಾ, "ಬೇರೆ... ಯಾರೂ... ಇಲ್ವಾ?" ಎಂದ.

"ಇದಾರೆ" ಎಂದು ಅವರು ಹೊರಗೆ ಬಂದರು. ಡಾಕ್ಟರಿಗೆ, ಇವನು ನನ್ನ ತಮ್ಮ, ಇವನ ಔಷಧಿ ಬೇರೆಯವರು ನೋಡಲಿ ಎಂದು ತಿಳಿಸಿ, ಇನ್ನೊಬ್ಬ ಸಿಸ್ಟರ್‌ಗೆ ಒಪ್ಪಿಸಿದರು. ಆಮೇಲೆ ನೇರವಾಗಿ ಸಿಂಕಿನ ಹತ್ತಿರ ಹೋಗಿ ಕೈ ತೊಳೆಯುತ್ತಾ ಎಷ್ಟು ಹೊತ್ತು ನಿಂತರೆಂದರೆ, ನಾನೇ ಹೋಗಿ ನಲ್ಲಿ ನಿಲ್ಲಿಸಬೇಕಾಯಿತು.

ಹಬೆ ಯಂತ್ರದ ಔಷಧಿಗೆ ಸಿಳ್ಳೆ ಸ್ವಲ್ಪ ಇಳಿಯಿತು. ನೋವು ಇಳಿಯಲಿಲ್ಲ. ಪಕ್ಕೆಲುಬು ಮುರಿದವರ ಕಷ್ಟವೇ ಇದು: ಉಸಿರೆಳೆದರೆ ನೋವು, ಅದಕ್ಕೆ ಎಳೆಯುವುದಿಲ್ಲ. ಕೆಮ್ಮಿದರೆ ಜೀವ ಹೋದ ಹಾಗೆ, ಅದಕ್ಕೆ ಕೆಮ್ಮುವುದಿಲ್ಲ. ಕಫ ಅಲ್ಲೇ ಕೂತು ನ್ಯುಮೋನಿಯಾಕ್ಕೆ ಹಾಸಿಗೆ ಹಾಸುತ್ತದೆ. ನಾನು ದಿಂಬು ಕೊಟ್ಟು, ಇದನ್ನು ಪಕ್ಕೆಗೆ ಒತ್ತಿಕೊಂಡು ಕೆಮ್ಮಿ ಎಂದೆ. ಅವನು ದಿಂಬನ್ನೂ ನನ್ನನ್ನೂ ನೋಡಿದ ನೋಟದಲ್ಲಿ ಇಬ್ಬರಿಗೂ ಶಾಪವಿತ್ತು.

ಡಾಕ್ಟರು ಬಂದು ಹೇಳಿದರು. "ಆ ಮಾತ್ರೆಗಳು ನಿಮಗೆ ಆಗಲ್ಲ. ಪ್ಯಾರಸಿಟಮಾಲ್ ಒಂದೇ ಸಾಲ್ತಿಲ್ಲ. ಸ್ವಲ್ಪ ಸ್ವಲ್ಪವೇ ಮಾರ್ಫಿನ್ ಕೊಡೋಣ. ನೋವು ಇಳಿದ್ರೆ ಚೆನ್ನಾಗಿ ಉಸಿರಾಡ್ತೀರ."

ಆ ಹೆಸರು ಕೇಳಿದ್ದೇ ಅವನ ಮುಖ ಕಲ್ಲಾಯಿತು. "ಅದು ಬೇಡ. ನಮ್ಮಮ್ಮ ಹೋಗಿದ್ದು ಅದ್ರಲ್ಲೇ."

ಡಾಕ್ಟರು ತಾಳ್ಮೆಯಿಂದ ತಿಳಿಸಿ ಹೇಳಿದರು. ಹೆಂಡತಿ ಅತ್ತಳು. ಅವನು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮರುದಿನ ಮಧ್ಯಾಹ್ನದ ಹೊತ್ತಿಗೆ ತುಟಿ ನೇರಳೆ ತಿರುಗಿತ್ತು, ಆಮ್ಲಜನಕ ಕೊಟ್ಟರೂ ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿ ಮೇಲೇರುತ್ತಿರಲಿಲ್ಲ. ಇನ್ನು ಹೀಗೇ ಬಿಟ್ಟರೆ ಉಸಿರಾಟದ ಯಂತ್ರಕ್ಕೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಎಣಿಕೆ ಸಿಸ್ಟರ್ ಆ ಹಾಸಿಗೆಯತ್ತ ಸುಳಿದಿರಲಿಲ್ಲ. ಆಗ ಬಂದರು. ಕುರ್ಚಿ ಎಳೆದು ಅವನ ಮುಖದ ಮಟ್ಟಕ್ಕೆ ಕೂತರು. ಆ ಇನ್ನೊಬ್ಬ ಸಿಸ್ಟರ್ ಔಷಧಿಯ ಟ್ರೇ ಇಟ್ಟುಕೊಂಡು ಪಕ್ಕದಲ್ಲಿದ್ದರು; ನಾನು ದಿಂಬು ಹಿಡಿದು ಕಾಲ ಬಳಿ ನಿಂತಿದ್ದೆ. ಹೋಗಬೇಕೋ ಇರಬೇಕೋ ತಿಳಿಯದೆ ಅಲ್ಲೇ ಉಳಿದೆ.

"ನಾನು ಔಷಧಿ ಮುಟ್ಟಲ್ಲ" ಎಂದರು. "ಈ ಸಿಸ್ಟರ್ ಕೊಡ್ತಾರೆ. ಉಸಿರು ತೀರಾ ಕಮ್ಮಿ ಆದ್ರೆ ಔಷಧಿಯ ಅಮಲು ಇಳಿಸೋ ಇಂಜೆಕ್ಷನ್ ಈ ಟ್ರೇನಲ್ಲೇ ಇದೆ, ನೋಡು. ನಾನು ಇಲ್ಲೇ ಕೂತಿರ್ತೀನಿ. ನೀನು ನಿದ್ದೆ ಹೋದ್ರೆ ಎಬ್ಬಿಸ್ತೀನಿ."

ಅವನು ಬಹಳ ಹೊತ್ತು ಮೇಲೆ ತಿರುಗುವ ಫ್ಯಾನನ್ನು ನೋಡುತ್ತಿದ್ದ. ಆಮೇಲೆ ಕೇಳಿದ. "ಅಮ್ಮನ್ನ... ಯಾಕೆ... ಎಬ್ಬಿಸ್ಲಿಲ್ಲ?"

ಈ ಸಲ ಪಾಠ ಬರಲಿಲ್ಲ. ಮಡಿಲಲ್ಲಿದ್ದ ಎರಡೂ ಕೈಗಳು ಒಂದನ್ನೊಂದು ಹಿಡಿದುಕೊಂಡವು.

"ಎಬ್ಬಿಸಿದ್ರೆ ಆ ಏದುಸಿರಿಗೇ ಎಬ್ಬಿಸಬೇಕಿತ್ತು ಕಣೋ" ಎಂದರು. "ನೀನು ಬರೋವರೆಗಾದ್ರೂ ಎಬ್ಬಿಸಿಟ್ಟಿರಬೇಕಿತ್ತೇನೋ. ನನ್ನಿಂದ ಆಗ್ಲಿಲ್ಲ. ಅಷ್ಟು ದಿನದ ಮೇಲೆ ಮಲಗಿದ್ಳು."

ಅವನ ಕಣ್ಣಂಚಿನಿಂದ ನೀರು ಕಿವಿಯ ಕಡೆ ಇಳಿಯಿತು. ನೋವಿಗೋ, ಇನ್ನೊಂದಕ್ಕೋ. ಒರೆಸಿಕೊಳ್ಳಲು ಕೈ ಎತ್ತಲಾರ. ಅವರೂ ಒರೆಸಲಿಲ್ಲ, ಆ ಸಲಿಗೆ ಇನ್ನೂ ಬಂದಿರಲಿಲ್ಲ. ಕೊನೆಗೆ ಅವನು ಆ ಇನ್ನೊಬ್ಬ ಸಿಸ್ಟರ್ ಕಡೆ ನೋಡಿ, "ಹಾಕಿ" ಎಂದ.

ಸೂಜಿ ನಿಧಾನವಾಗಿ ಇಳಿಯಿತು. ಎಣಿಕೆ ಸಿಸ್ಟರ್ ಅವನ ಮಣಿಕಟ್ಟು ಹಿಡಿದರು. ಅವನು ಕಣ್ಣು ಮುಚ್ಚಿಕೊಂಡೇ, "ನಾಡಿ ನೋಡ್ತಿಲ್ಲ ನೀನು. ಗೊತ್ತು ನನಗೆ" ಎಂದ. ಚಿಕ್ಕಂದಿನಲ್ಲಿ ಅಸ್ತಮಾ ಬಂದಾಗಲೆಲ್ಲ ಅಕ್ಕ ಹೀಗೇ ಹಿಡಿದು ಕೂರುತ್ತಿದ್ದಳಂತೆ; ಇದನ್ನು ಹೆಂಡತಿ ಆಮೇಲೆ ನನಗೆ ಹೇಳಿದಳು.

"ಸುಮ್ನಿರು" ಎಂದರು ಅಕ್ಕ.

ಅವನ ಹುಬ್ಬಿನ ಗಂಟು ಸಡಿಲವಾಯಿತು. ಎದೆ ಮೊದಲ ಬಾರಿಗೆ ತುಂಬಿ ಏರಿತು. ನನ್ನ ಸರದಿ ಬಂತು. ದಿಂಬು ಒತ್ತಿ ಹಿಡಿದು, ಎಳೆಯಿರಿ, ಇನ್ನೂ ಎಳೆಯಿರಿ, ಈಗ ಕೆಮ್ಮಿ ಎಂದೆ. ಅವನು ಕೆಮ್ಮಿದ. ಎರಡನೆಯ ಸಲ ಗಟ್ಟಿಯಾಗಿ ಕೆಮ್ಮಿದ. ಹಸಿರು ಗಟ್ಟಿ ಕಫ ಬಂದು ಬಟ್ಟಲಿಗೆ ಬಿತ್ತು. ನಾವು ಮೂವರು ಹೆಂಗಸರು, ಅವನ ಹೆಂಡತಿ ಸೇರಿ ನಾಲ್ವರು, ಬಟ್ಟಲೊಳಗೆ ಬಗ್ಗಿ ನೋಡಿ ಮುಖ ಅರಳಿಸಿದೆವು. ಕಫಕ್ಕೆ ಅಷ್ಟು ಮರ್ಯಾದೆ ಮತ್ತೆಲ್ಲೂ ಸಿಕ್ಕಿರಲಾರದು.

ಸ್ವಲ್ಪ ಹೊತ್ತಿನ ಮೇಲೆ ಅವನಿಗೆ ಮಂಪರು ಹತ್ತಿತು. ಉಸಿರಿನ ನಡುವಿನ ಬಿಡುವು ಉದ್ದವಾಯಿತು. ಸಿಸ್ಟರ್ ಕಣ್ಣು ಮಿಟುಕಿಸದೆ ಕೂತಿದ್ದರು. ಒಂದು ಬಿಡುವು ಅವರಿಗೆ ಸರಿಕಾಣಲಿಲ್ಲ. ಬಾಗಿ, ಅವನ ಭುಜ ಅಲುಗಿಸಿ, "ಏ ಗುಂಡ, ಉಸಿರು ತಗೋ" ಎಂದರು. ಆ ದನಿ ನಾನು ಅವರ ಬಾಯಲ್ಲಿ ಎಂದೂ ಕೇಳಿರಲಿಲ್ಲ. ಅವನು "ಹ್ಞಾಂ" ಎಂದು ಎಳೆದುಕೊಂಡ. ಟ್ರೇನಲ್ಲಿದ್ದ ಇಂಜೆಕ್ಷನ್ ಮುಟ್ಟಬೇಕಾಗಲಿಲ್ಲ. ಅವರ ಪಾಳಿ ಮುಗಿದು ಬೇರೆಯವರು ಬಂದರೂ ಅವರು ಏಳಲಿಲ್ಲ.

ಅವನು ಸುಧಾರಿಸಿದ. ಸುಧಾರಿಸಿದ ಹಾಗೆಲ್ಲ ಮಾತು ಕಡಿಮೆಯಾಯಿತು. ಅಕ್ಕ ಎದುರಿಗೆ ಬಂದರೆ ಗೋಡೆ ನೋಡುತ್ತಿದ್ದ. ಮನೆಗೆ ಹೊರಡುವ ದಿನ ಪಂಪು ಹಿಡಿಯುವ ಕ್ರಮ, ಯಾವ ಮಾತ್ರೆ ಯಾವಾಗ, ಯಾವುದನ್ನು ಜನ್ಮದಲ್ಲಿ ಮುಟ್ಟಬಾರದು ಎಂಬುದನ್ನೆಲ್ಲ ಅವರು ಹೆಂಡತಿಗೆ ಹೇಳಿಕೊಟ್ಟರು. ಅವನು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೋಗಿ ಬರ್ತೀನಿ ಎನ್ನಲಿಲ್ಲ. ಆಟೋ ಹೋದ ಮೇಲೆ ಸಿಸ್ಟರ್ ಆ ಹಾಸಿಗೆಯ ಬಟ್ಟೆ ತೆಗೆಯುವವರನ್ನು ಕಾಯದೆ ತಾವೇ ತೆಗೆದು, ದಿಂಬಿನ ಕವರು ಎಳೆದು, ಅದನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದು ಬುಟ್ಟಿಗೆ ಹಾಕಿದರು. ಮುಂದಿನ ರೋಗಿ ಬಂದ.

ಕೆಲವು ದಿನ ಕಳೆದಿತ್ತು. ನಾವಿಬ್ಬರೂ ಮೆಟ್ಟಿಲ ಮೇಲೆ ಊಟಕ್ಕೆ ಕೂತಿದ್ದಾಗ ಅವರ ಫೋನು ಬಡಿದುಕೊಂಡಿತು. ಎತ್ತಿದರು. ಆ ಕಡೆಯಿಂದ ನಮಸ್ಕಾರವಿಲ್ಲ, ಹೇಗಿದೀಯ ಎಂಬುದಿಲ್ಲ. ಗಂಡಸಿನ ದನಿ, ನನಗೂ ಕೇಳಿಸುವಷ್ಟು ಜೋರಾಗಿ: "ಮೂರು ದಿನ ಆಯ್ತು, ಹೊಟ್ಟೆ ಕ್ಲಿಯರ್ ಆಗಿಲ್ಲ."

ಮನೆಗೆ ಕೊಟ್ಟಿದ್ದ ನೋವಿನ ಮಾತ್ರೆಯ ಗುಣವೇ ಅದು, ಕರುಳನ್ನು ಮಲಗಿಸಿಬಿಡುತ್ತದೆ.

"ಜೊತೆಗೆ ಒಂದು ಸಿರಪ್ ಕೊಟ್ಟಿದ್ವಲ್ಲ?"

"ರುಚಿ ಚೆನ್ನಾಗಿಲ್ಲ ಅಂತ ಬಿಟ್ಟೆ."

"ರುಚಿ ನೋಡೋಕೆ ಅದೇನು ಪಾಯಸಾನಾ? ಕುಡಿ. ನೀರು ಜಾಸ್ತಿ ಕುಡಿ. ಎದ್ದು ಓಡಾಡು. ನಾಳೆ ಮಧ್ಯಾಹ್ನದೊಳಗೆ ಆಗ್ಲಿಲ್ಲ ಅಂದ್ರೆ ಫೋನ್ ಮಾಡು."

"ಆದ್ರೆ?"

"ಆದ್ರೂ ಮಾಡು."

ಫೋನು ಇಟ್ಟರು. ಅಷ್ಟು ವರ್ಷಗಳ ಮೌನ ಮುರಿದದ್ದು ಮಲಬದ್ಧತೆಯ ಮಾತಿನಿಂದ ಎಂದು ನೆನೆದು ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಗುತ್ತಲೇ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು, ಭುಜಗಳು ಅಲುಗುತ್ತಿದ್ದವು. ಸ್ವಲ್ಪ ಹೊತ್ತಿನ ಮೇಲೆ ಅದು ನಗುವಾಗಿ ಉಳಿದಿರಲಿಲ್ಲ. ಅಮ್ಮ ಹೋದಾಗ ಬರದೆ ಉಳಿದದ್ದು ಅಲ್ಲಿ, ಬಟ್ಟೆ ಒಗೆಯುವ ಕೋಣೆಯ ಹಬೆ ಬೀಸುವ ಆ ಮೆಟ್ಟಿಲ ಮೇಲೆ ಬಂತು.

ಮರುದಿನ ಅವನು ಫೋನ್ ಮಾಡಿ "ಆಯ್ತು" ಎಂದ. ಆಮೇಲೆ ಪಂಪಿನ ಬಗ್ಗೆ ಎರಡು ಸಲ ಮಾಡಿದ. ಎಲುಬು ಕೂಡಿ, ನೋವಿನ ಮಾತ್ರೆ ನಿಂತ ಮೇಲೆ ಫೋನೂ ನಿಂತಿತು. ಕೇಳಲು ಏನೂ ಉಳಿದಿರಲಿಲ್ಲವಲ್ಲ. ಸಿಸ್ಟರ್ ಊಟದ ಹೊತ್ತಿಗೆ ಫೋನನ್ನು ಮಗ್ಗುಲಲ್ಲಿ ಮೇಲ್ಮುಖವಾಗಿ ಇಟ್ಟುಕೊಳ್ಳುತ್ತಿದ್ದರು. ನಾನು ಅದನ್ನು ನೋಡಿಯೂ ನೋಡದವಳಂತೆ ಬೇರೆ ಮಾತು ತೆಗೆಯುತ್ತಿದ್ದೆ.

ಒಂದು ಭಾನುವಾರ ಅವರೇ ತಮ್ಮನ ಮನೆಗೆ ಹೋದರು. ಯಾರೂ ಕರೆದಿರಲಿಲ್ಲ. ಹೆಂಡತಿ ಮಾರುಕಟ್ಟೆಗೆ ಹೋಗಿದ್ದಳಂತೆ, ಅವನೊಬ್ಬನೇ ಇದ್ದನಂತೆ. ಬಾಗಿಲು ತೆರೆದು, ನೋಡಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟನಂತೆ. ಅಮ್ಮ ಮಲಗುತ್ತಿದ್ದ ಕೋಣೆಯಲ್ಲಿ ಈಗ ಬಣ್ಣದ ಡಬ್ಬಗಳು. ಅಮ್ಮನ ಮಾತು ಅವನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ.

"ಮತ್ತೇನ್ ಮಾತಾಡಿದ್ರಿ?" ಎಂದು ಕೇಳಿದೆ.

"ಏನಿಲ್ಲ. ಕೂತ್ಕೋ ಅಂದ. ಕೂತೆ. ಕರೆಂಟು ಹೋಯ್ತು, ಕರೆಂಟು ಹೋಯ್ತು ಅಂದ. ಹೌದು ಅಂದೆ. ಸುಮ್ನೆ ಕೂತಿದ್ವಿ."

"ಆಮೇಲೆ?"

"ಕತ್ತಲಾಗ್ತಾ ಬಂತು. ಬಂದೆ."

ಇದಾದ ಮೇಲೆ ನನಗೆ ಬೇರೆ ಊರಿನ ಆಸ್ಪತ್ರೆಗೆ ವರ್ಗವಾಯಿತು. ಹೊರಡುವ ಮುಂಚೆ ಹೇಳಿ ಬರಲು ದರ್ಜಿಯ ಮಹಡಿ ಹತ್ತಿದೆ. ಅವರು ಬಾಗಿಲಿಗೆ ಬೀಗ ಹಾಕುತ್ತಿದ್ದರು. ಭಾನುವಾರ ಬೇರೆ. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಬಸ್ ನಿಲ್ದಾಣದವರೆಗೆ ಜೊತೆಯಲ್ಲಿ ನಡೆದೆವು. ನನ್ನ ಹೊಸ ಆಸ್ಪತ್ರೆಯ ಬಗ್ಗೆ ವಿಚಾರಿಸಿದರು, ಅಲ್ಲಿ ಮೆಟ್ಟಿಲು ಜಾಸ್ತಿಯಂತೆ, ಮಂಡಿ ಜೋಪಾನ ಎಂದರು. ಅವರ ಬಸ್ಸು ಮೊದಲು ಬಂತು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಅಲ್ಲಿಂದ ಕೈ ಬೀಸಿ, ಟಿಕೆಟಿಗೆ ಚಿಲ್ಲರೆ ಹುಡುಕಲು ಚೀಲದೊಳಗೆ ಬಾಗಿದರು.